ಡ್ರಮ್ಮರ್ ನಾಯಕನಾದ ಜಾಝ್: ಐದು ಹಳೆಯ ಆಲ್ಬಂಗಳಲ್ಲಿ ಮೊದಲು ಯಾವುದನ್ನು ಕೇಳಬೇಕು?

ಡ್ರಮ್ಮರ್ ಹೆಸರಿನಲ್ಲಿ ಬಂದ ಜಾಝ್ ಆಲ್ಬಂ ಅಂದ ಕೂಡಲೇ ಬಹಳ ಜನ ಉದ್ದುದ್ದ ಡ್ರಮ್ ಸೋಲೋಗಳನ್ನು ನಿರೀಕ್ಷಿಸುತ್ತಾರೆ. 1950ರ ದಶಕದಲ್ಲಿ ಮತ್ತು 60ರ ಆರಂಭದಲ್ಲಿ ಬಂದ ಒಳ್ಳೆಯ ಆಲ್ಬಂಗಳಲ್ಲಿ ಅಂಥ ಸೋಲೋ ಕಮ್ಮಿಯೇ. ಡ್ರಮ್ಮರ್ ನಾಯಕನಾದಾಗ ಬದಲಾಗುವುದು ಬೇರೆ. ಬ್ಯಾಂಡಿನಲ್ಲಿ ಯಾರಿರಬೇಕು, ಯಾವ ಹಾಡು ನುಡಿಸಬೇಕು, ಎಷ್ಟು ವೇಗ, ಯಾರ ಸೋಲೋ ಹಿಂದೆ ಎಷ್ಟು ಜೋರು, ಎಲ್ಲಿ ಸುಮ್ಮನಾಗಬೇಕು, ಇದೆಲ್ಲ ಅವರ ಕೈಗೆ ಬರುತ್ತದೆ. ತನಿ ಆವರ್ತನಕ್ಕೆ ಮಾತ್ರ ಕಿವಿ ಕೊಡುವವರು ಪಲ್ಲವಿಗೆ ಮೃದಂಗದವರು ಮಾಡುವ ಕೆಲಸವನ್ನು ಕಳೆದುಕೊಳ್ಳುತ್ತಾರೆ, ಅಲ್ವಾ? ಇಲ್ಲೂ ಹಾಗೇ.

ಹಾಗಾಗಿ ಈ ಆಲ್ಬಂಗಳನ್ನು ಹೋಲಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಡ್ರಮ್ಮರ್ ಇದ್ದುದರಿಂದ ಉಳಿದವರು ಹೇಗೆ ಬೇರೆಯಾಗಿ ನುಡಿಸಿದರು? ಯಾರ ಕೈ ಜಾಸ್ತಿ ಚುರುಕು ಅನ್ನುವುದು ಆಮೇಲಿನ ಮಾತು.

ಇಲ್ಲಿ ತೆಗೆದುಕೊಂಡಿರುವುದು ಐದು: ಆರ್ಟ್ ಬ್ಲೇಕಿಯವರ ‘ಮೋನಿನ್’, ಮ್ಯಾಕ್ಸ್ ರೋಚ್ ಅವರ ‘ವಿ ಇನ್ಸಿಸ್ಟ್!’, ಶೆಲ್ಲಿ ಮ್ಯಾನ್ ಅವರ ‘ಮೈ ಫೇರ್ ಲೇಡಿ’, ಚಿಕೋ ಹ್ಯಾಮಿಲ್ಟನ್ ಕ್ವಿಂಟೆಟ್‌ನ (ಐದು ಜನರ ತಂಡದ) 1955ರ ಆಲ್ಬಂ, ಮತ್ತು ರಾಯ್ ಹೇನ್ಸ್ ಅವರ ‘ಔಟ್ ಆಫ್ ದಿ ಆಫ್ಟರ್‌ನೂನ್’. ಐದೂ ಅಮೆರಿಕದವು. ಐದೂ ಚೆನ್ನಾಗಿವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಆಗುವುದಿಲ್ಲ.

ಬ್ಲೇಕಿಯವರ ‘ಮೋನಿನ್’

ಜಾಝ್ ಅಂದರೇನು ಅಂತ ಗೊತ್ತಿಲ್ಲದವರಿಗೂ ಇದನ್ನು ಧೈರ್ಯವಾಗಿ ಕೊಡಬಹುದು. 1958ರ ಅಕ್ಟೋಬರ್ 30ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೆಕಾರ್ಡ್ ಆಯಿತು. ರೂಡಿ ವ್ಯಾನ್ ಗೆಲ್ಡರ್ ಎಂಬ ಎಂಜಿನಿಯರ್ ತಮ್ಮ ತಂದೆತಾಯಿಯ ಮನೆಯ ಹಾಲ್ ಅನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಆ ಹಾಲ್‌ನಲ್ಲೇ ಐದು ಜನ ಕೂತು ಇದನ್ನು ನುಡಿಸಿದ್ದು. ಬ್ಲೂ ನೋಟ್ ಕಂಪನಿಯ ಆಲ್ಬಂ.

ಬ್ಲೇಕಿಗೆ ಆಗ 39 ವರ್ಷ. ಟ್ರಂಪೆಟ್‌ನ ಲೀ ಮಾರ್ಗನ್‌ಗೆ ಬರೀ 20. ಟೆನರ್ ಸ್ಯಾಕ್ಸೋಫೋನ್‌ನಲ್ಲಿ ಬೆನ್ನಿ ಗೋಲ್ಸನ್, ಪಿಯಾನೋದಲ್ಲಿ ಬಾಬಿ ಟಿಮ್ಮನ್ಸ್, ಬಾಸ್ ಎಂಬ ತಗ್ಗು ಸ್ವರದ ದೊಡ್ಡ ತಂತಿವಾದ್ಯದಲ್ಲಿ ಜಿಮಿ ಮೆರಿಟ್. ಬ್ಲೇಕಿ ಪಿಟ್ಸ್‌ಬರ್ಗ್‌ನವರು, ಉಳಿದ ನಾಲ್ಕೂ ಜನ ಫಿಲಡೆಲ್ಫಿಯಾದವರು.

ಮೊದಲ ಹಾಡನ್ನೇ ಹತ್ತಿರದಿಂದ ಕೇಳಿ. ಪಿಯಾನೋ ಒಂಟಿಯಾಗಿ ಒಂದು ಸಾಲು ನುಡಿಸುತ್ತದೆ. ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಚರ್ಚಿನಲ್ಲಿ ಪಾದ್ರಿ ಒಂದು ಮಾತು ಹೇಳಿದಾಗ ಜನ ‘ಆಮೆನ್’ ಅನ್ನುವ ಕ್ರಮವೇ ಇದರ ಮೂಲ. ಎರಡನೇ ಸಲ ಪಾತ್ರ ಅದಲುಬದಲು: ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಕೇಳುತ್ತವೆ, ಪಿಯಾನೋ, ಬಾಸ್, ಡ್ರಮ್ಸ್ ಉತ್ತರಿಸುತ್ತವೆ. ಆ ಉತ್ತರದ ಎರಡು ಪೆಟ್ಟುಗಳನ್ನು ಬ್ಲೇಕಿ ಎಷ್ಟು ಭಾರವಾಗಿ ಇಡುತ್ತಾರೆ ನೋಡಿ. ನಡುವಿನ ಭಾಗ ಬಂದಾಗ ಮಾತ್ರ ಬ್ಯಾಂಡ್ ಓಟಕ್ಕೆ ಬಿಡುತ್ತದೆ. ಆ ಮೊದಲ ಸಾಲು ಟಿಮ್ಮನ್ಸ್ ಹಾಡುಗಳ ಮಧ್ಯೆ ಸುಮ್ನೆ ನುಡಿಸಿಕೊಳ್ಳುತ್ತಿದ್ದ ತುಣುಕು. ಇದಕ್ಕೊಂದು ನಡುಭಾಗ ಸೇರಿಸು, ಪೂರ್ತಿ ಹಾಡಾಗುತ್ತದೆ ಎಂದು ಒತ್ತಾಯ ಮಾಡಿದವರು ಗೋಲ್ಸನ್.

ಆಮೇಲೆ ಮಾರ್ಗನ್ ಸೋಲೋ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಬ್ಲೇಕಿ ಸ್ನೇರ್ ಡ್ರಮ್ (ತಳದಲ್ಲಿ ತಂತಿ ಕಟ್ಟಿದ, ಚಟಪಟ ಸದ್ದಿನ ಡ್ರಮ್) ಮೇಲೆ ಕಡ್ಡಿಗಳನ್ನು ಒತ್ತಿ ಒಂದು ಉರುಳು ಎಬ್ಬಿಸುತ್ತಾರೆ. ಸದ್ದು ತಳದಿಂದ ಏರುತ್ತಾ ಬಂದು ಸಿಂಬಲ್ ಎಂಬ ಲೋಹದ ತಟ್ಟೆಯ ಮೇಲೆ ಒಡೆಯುತ್ತದೆ. ಅದಾದ ಮೇಲೆ ಸೋಲೋ ನುಡಿಸುವವರಿಗೆ ಮೊದಲಿನ ಮಟ್ಟದಲ್ಲೇ ಉಳಿಯಲು ಸಾಧ್ಯವೇ ಇಲ್ಲ, ಮೇಲೆ ಹೋಗಲೇಬೇಕು. ಹುಡುಗರನ್ನು ಬೆಳೆಸಿದ ನಾಯಕ ಎಂದು ಬ್ಲೇಕಿಯವರನ್ನು ಹೊಗಳುತ್ತಾರಲ್ಲ, ಆ ಬೆಳೆಸುವಿಕೆ ಹೇಗಿತ್ತು ಅನ್ನುವುದು ಈ ಉರುಳುಗಳಲ್ಲೇ ಕೇಳಿಸುತ್ತದೆ.

ಡ್ರಮ್ಸ್‌ಗಾಗಿಯೇ ಬರೆದ ಹಾಡೂ ಇದೆ, ‘ದಿ ಡ್ರಮ್ ಥಂಡರ್ ಸ್ವೀಟ್’. ಗೋಲ್ಸನ್ ಬರೆದದ್ದು, ಮೂರು ಭಾಗಗಳಲ್ಲಿ. ಇದರಲ್ಲಿ ಬ್ಲೇಕಿ ಮರದ ಕಡ್ಡಿ ಬಿಟ್ಟು ತುದಿಗೆ ಮೆತ್ತೆ ಇರುವ ಮ್ಯಾಲೆಟ್ ಹಿಡಿಯುತ್ತಾರೆ. ಸದ್ದು ಗುಡುಗಿನ ಕಡೆಗೆ ಹೋಗುತ್ತದೆ. ‘ಬ್ಲೂಸ್ ಮಾರ್ಚ್’ನಲ್ಲಿ ಪರೇಡಿನ ಹೆಜ್ಜೆ. ಮೂರನೇ ಹಾಡು ‘ಅಲಾಂಗ್ ಕೇಮ್ ಬೆಟ್ಟಿ’ಯನ್ನು ಬಹಳ ಜನ ದಾಟಿಸಿಬಿಡುತ್ತಾರೆ. ದಯವಿಟ್ಟು ದಾಟಿಸಬೇಡಿ. ಇಡೀ ಆಲ್ಬಂನಲ್ಲಿ ಬ್ಲೇಕಿ ಅತಿ ಕಮ್ಮಿ ಮಾಡಿ ಅತಿ ಜಾಸ್ತಿ ಸಾಧಿಸಿರುವುದು ಅಲ್ಲೇ.

ಇದರ ಮಿತಿ? ಹಿನ್ನೆಲೆಗೆ ಹಾಕಿಕೊಂಡು ಕೆಲಸ ಮಾಡಲು ಆಗುವುದಿಲ್ಲ. ಬ್ಲೇಕಿ ಬಿಡುವುದಿಲ್ಲ.

ರೋಚ್ ಅವರ ‘ವಿ ಇನ್ಸಿಸ್ಟ್!’

ಇದು ಐದರಲ್ಲಿ ಅತ್ಯಂತ ಕಷ್ಟದ್ದು. ನನ್ನ ಲೆಕ್ಕದಲ್ಲಿ ಅತ್ಯಂತ ದೊಡ್ಡದೂ ಇದೇ.

ಅಮೆರಿಕದಲ್ಲಿ ಗುಲಾಮರ ವಿಮೋಚನೆಯ ಘೋಷಣೆ ಜಾರಿಗೆ ಬಂದದ್ದು 1863ರಲ್ಲಿ. ಅದರ ನೂರನೇ ವರ್ಷಕ್ಕೆ ಅಂತ ರೋಚ್ ಮತ್ತು ಗೀತರಚನೆಕಾರ ಆಸ್ಕರ್ ಬ್ರೌನ್ ಜೂನಿಯರ್ ಒಂದು ದೊಡ್ಡ ಕೃತಿ ಕಟ್ಟುತ್ತಿದ್ದರು. ಅಷ್ಟರಲ್ಲಿ 1960 ಬಂತು. ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕೂತರು, ಏಳಲಿಲ್ಲ. ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಪ್ರತಿಭಟನಾಕಾರರ ಮೇಲೆ ಗುಂಡು ಹಾರಿಸಿದರು, 69 ಜನ ಸತ್ತರು. ರೋಚ್ 1963ರ ತನಕ ಕಾಯಲಿಲ್ಲ. ಆಗಸ್ಟ್ ಕೊನೆಗೆ ಮತ್ತು ಸೆಪ್ಟೆಂಬರ್ ಆರಂಭದಲ್ಲಿ ನ್ಯೂಯಾರ್ಕ್‌ನ ನೋಲಾ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮುಗಿಸಿದರು. ಕ್ಯಾಂಡಿಡ್ ಕಂಪನಿ, ನಿರ್ಮಾಪಕರು ನ್ಯಾಟ್ ಹೆಂಟಾಫ್. ಕವರ್ ಮೇಲಿನ ಫೋಟೋ ಕೂಡ ಊಟದ ಕೌಂಟರಿನದೇ: ಕೂತ ಮೂವರು ಕಪ್ಪು ಗಂಡಸರು ನೇರವಾಗಿ ನಿಮ್ಮನ್ನೇ ನೋಡುತ್ತಿದ್ದಾರೆ.

ಮೊದಲ ಹಾಡು ‘ಡ್ರೈವಾ ಮ್ಯಾನ್’. ಅಬ್ಬೆ ಲಿಂಕನ್ ಅವರ ದನಿ, ಕೈಯಲ್ಲಿ ಟಾಂಬೊರಿನ್, ಅಂದರೆ ಕಿರುತಾಳಗಳಿರುವ ಕೈವಾದ್ಯ. ಗುಲಾಮರನ್ನು ಹೊಡೆದು ದುಡಿಸುವ ಮೇಸ್ತ್ರಿಯ ಬಗ್ಗೆ ಹಾಡು. ಆಮೇಲೆ ಬ್ಯಾಂಡ್ ಬರುತ್ತದೆ. ಎಣಿಕೆ ಐದರದು. ಖಂಡ ಚಾಪು ಕೇಳಿ ಬೆಳೆದವರಿಗೆ ಐದು ಎಣಿಸುವುದು ಹೊಸದೇನಲ್ಲ, ಆದರೆ ಇಲ್ಲಿ ಅದರ ಲವಲವಿಕೆ ಒಂದಿಷ್ಟೂ ಇಲ್ಲ. ಪ್ರತಿ ಆವರ್ತದ ಮೊದಲ ಪೆಟ್ಟನ್ನು ರೋಚ್ ಸ್ನೇರ್‌ನ ಅಂಚಿಗೆ ಸೇರಿಸಿ ಚಟೀರ್ ಎನ್ನುವಂತೆ ಹೊಡೆಯುತ್ತಾರೆ. ಅದು ಚಾಟಿ. ಮುಂದಿನ ನಾಲ್ಕು ಎಣಿಕೆ ನೀವು ಮುಂದಿನ ಚಾಟಿಗೆ ಕಾಯುತ್ತೀರಿ.

ಇದೇ ಹಾಡಿನಲ್ಲಿ ಕೋಲ್ಮನ್ ಹಾಕಿನ್ಸ್ ಅವರ ಟೆನರ್ ಸ್ಯಾಕ್ಸೋಫೋನ್ ಸೋಲೋ ಇದೆ. ಆಗ ಅವರಿಗೆ 55 ವರ್ಷ, ಆ ವಾದ್ಯಕ್ಕೆ ಜಾಝ್‌ನಲ್ಲಿ ಜಾಗ ಮಾಡಿಕೊಟ್ಟ ಹಿರಿಯರು. ಸೋಲೋದಲ್ಲಿ ಒಂದು ಕಡೆ ಸ್ವರ ಕೀರಲಾಗಿ ಒಡೆಯುತ್ತದೆ. ಟೇಪ್ ಕತ್ತರಿಸಿ ಸರಿಮಾಡಬಹುದಿತ್ತು. ಬೇಡ, ಇಂಥ ಹಾಡಿನಲ್ಲಿ ಎಲ್ಲ ನುಣುಪಾಗಿರುವುದೇ ತಪ್ಪು ಎಂದು ಹಾಕಿನ್ಸ್ ಅದನ್ನು ಹಾಗೇ ಉಳಿಸಿದರು.

‘ಫ್ರೀಡಮ್ ಡೇ’ ಪೂರಾ ಉಲ್ಟಾ. ಸ್ವಾತಂತ್ರ್ಯ ಬಂತಂತೆ ಅನ್ನುವ ಸುದ್ದಿ ಕಿವಿಯಿಂದ ಕಿವಿಗೆ ಓಡುತ್ತಿದೆ, ಯಾರಿಗೂ ನಂಬಿಕೆ ಇಲ್ಲ. ರೋಚ್ ಹಿಡಿದ ವೇಗ ಕೇಳಿದರೆ ಆ ಆತಂಕ ಅರ್ಥವಾಗುತ್ತದೆ. ಬೂಕರ್ ಲಿಟಲ್ ಅವರ ಟ್ರಂಪೆಟ್ ಅದರ ಮೇಲೆ ತೇಲುತ್ತದೆ. ಮರುವರ್ಷ, 23ನೇ ವಯಸ್ಸಿಗೇ, ಅವರು ತೀರಿಕೊಂಡರು.

ನಡುವಿನ ‘ಟ್ರಿಪ್ಟಿಕ್’ನಲ್ಲಿ ಇರುವುದು ಇಬ್ಬರೇ, ಲಿಂಕನ್ ಮತ್ತು ರೋಚ್. ಪದಗಳಿಲ್ಲ. ಪ್ರಾರ್ಥನೆ, ಪ್ರತಿಭಟನೆ, ಶಾಂತಿ ಅಂತ ಮೂರು ಭಾಗ. ಎರಡನೆಯದರಲ್ಲಿ ಲಿಂಕನ್ ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಕಿರುಚುತ್ತಾರೆ. ಹಾಡುವುದಲ್ಲ, ಕಿರುಚುವುದೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಆ ಕಿರುಚಿನ ಕೆಳಗೆ ರೋಚ್ ನುಡಿಸುವುದು ಬರೀ ಗದ್ದಲ ಅಂತ ಮೊದಲ ಸಲ ಅನಿಸಬಹುದು. ಎರಡನೇ ಸಲ ಕೇಳಿ. ಪ್ರತಿ ಉರುಳೂ ಅವರ ಉಸಿರಿಗೆ ಸರಿಯಾಗಿ ಏರಿ ಇಳಿಯುತ್ತದೆ. ಆಮೇಲೆ ಬರುವ ಶಾಂತಿಯ ಭಾಗದಲ್ಲಿ ದಣಿದ ದನಿ ಮೆಲ್ಲಗೆ ತೂಗುತ್ತದೆ. ಹಿಂದಿನದನ್ನು ದಾಟಿಸಿದವರಿಗೆ ಈ ದಣಿವು ತಿಳಿಯುವುದೇ ಇಲ್ಲ.

‘ಆಲ್ ಆಫ್ರಿಕಾ’ದಲ್ಲಿ ನೈಜೀರಿಯಾದ ಮೈಕೇಲ್ ಒಲಟುಂಜಿ ಬರುತ್ತಾರೆ. ಲಿಂಕನ್ ಆಫ್ರಿಕಾದ ಬುಡಕಟ್ಟುಗಳ ಹೆಸರು ಹೇಳುತ್ತಾ ಹೋದಂತೆ ಅವರು ಯೊರುಬಾ ಭಾಷೆಯಲ್ಲಿ ಉತ್ತರ ಕೊಡುತ್ತಾರೆ. ಕೊನೆಯ ‘ಟಿಯರ್ಸ್ ಫಾರ್ ಜೊಹಾನ್ಸ್‌ಬರ್ಗ್’ ಮತ್ತೆ ಐದರ ಎಣಿಕೆ, ಶಾರ್ಪ್‌ವಿಲ್‌ನ ಸತ್ತವರಿಗಾಗಿ.

ಒಟ್ಟು ನಲವತ್ತು ನಿಮಿಷವೂ ಇಲ್ಲ. ಆದರೆ ಕೂತು, ಮೊದಲಿಂದ ಕೊನೆಯವರೆಗೆ, ಒಂದೇ ಸಲಕ್ಕೆ ಕೇಳಬೇಕು. ಬಿಡಿಬಿಡಿಯಾಗಿ ಕೇಳಿದರೆ ಇದು ಏನೂ ಅಲ್ಲ.

ಈ ಎರಡರ ನಡುವೆ

ಬ್ಲೇಕಿ ಮತ್ತು ರೋಚ್ ಒಂದೇ ತಲೆಮಾರಿನವರು. ಇಬ್ಬರೂ 1940ರ ದಶಕದ ಬೀಬಾಪ್ ಎಂಬ ವೇಗದ, ಜಟಿಲ ಜಾಝ್ ಶೈಲಿಯಿಂದ ಬಂದವರು. ಆದರೆ ಬ್ಲೇಕಿಯವರದು ತಳ್ಳುವ ಡ್ರಮ್ಮಿಂಗ್, ರೋಚ್ ಅವರದು ಮಾತಾಡುವ ಡ್ರಮ್ಮಿಂಗ್. ಬ್ಲೇಕಿಯವರ ಎರಡು ಮತ್ತು ನಾಲ್ಕನೇ ಎಣಿಕೆಗೆ ಮುಚ್ಚುವ ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಟ್ಟೆ) ಇದೆಯಲ್ಲ, ಅದರ ಮೇಲೆ ಕಣ್ಣು ಮುಚ್ಚಿ ನಡೆಯಬಹುದು. ರೋಚ್ ಅವರ ಡ್ರಮ್ಸ್‌ನಲ್ಲಿ ಒಂದೊಂದು ಡ್ರಮ್ಮಿಗೂ ಬೇರೆ ಬೇರೆ ಸ್ವರ ಕೇಳುತ್ತದೆ, ಮಾತು ಮಾತಿಗೂ ಅರ್ಥ ಹುಡುಕಬೇಕಾಗುತ್ತದೆ.

ಮೊದಲ ಆಲ್ಬಂ ಬೇಕಾದವರಿಗೆ ‘ಮೋನಿನ್’. ಜಾಝ್ ಸ್ವಲ್ಪ ಕೇಳಿದ್ದೇನೆ, ಆದರೆ ಇದರಲ್ಲಿ ಹೇಳುವಂಥದ್ದೇನಿದೆ ಎಂದು ಕೇಳುವವರಿಗೆ ‘ವಿ ಇನ್ಸಿಸ್ಟ್!’. ಎರಡೂ ಬೇಕಾದರೆ ಇದೇ ಕ್ರಮದಲ್ಲಿ ಕೇಳಿ.

ಮೆಲ್ಲಗೆ ಬೇಕೆನ್ನುವವರಿಗೆ ಲಾಸ್ ಏಂಜಲೀಸ್‌ನ ಇಬ್ಬರು

ಶೆಲ್ಲಿ ಮ್ಯಾನ್ ಅವರ ‘ಮೈ ಫೇರ್ ಲೇಡಿ’ ಮೂರೇ ಜನರ ಆಲ್ಬಂ. ಪಿಯಾನೋ ಆಂದ್ರೆ ಪ್ರೆವಿನ್, ಬಾಸ್ ಲೆರಾಯ್ ವಿನ್ನೆಗರ್. ಆ ಹೆಸರಿನ ಸಂಗೀತ ನಾಟಕ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಕ್ಕೆ ಬಂದದ್ದು 1956ರ ಮಾರ್ಚ್‌ನಲ್ಲಿ, ಇವರು ಅದರ ಹಾಡುಗಳನ್ನು ರೆಕಾರ್ಡ್ ಮಾಡಿದ್ದು ಅದೇ ವರ್ಷ ಆಗಸ್ಟ್ 17ರಂದು, ಒಂದೇ ದಿನದಲ್ಲಿ. ಒಂದು ನಾಟಕದ ಹಾಡುಗಳಿಂದಲೇ ಪೂರ್ತಿ ಜಾಝ್ ಆಲ್ಬಂ ಮಾಡುವ ಪದ್ಧತಿಗೆ ಇದು ದಾರಿ ಹಾಕಿತು, ಚೆನ್ನಾಗಿ ಮಾರಾಟವೂ ಆಯಿತು. ಅದೇ ಪ್ರೆವಿನ್‌ಗೆ ಮುಂದೆ 1964ರ ‘ಮೈ ಫೇರ್ ಲೇಡಿ’ ಸಿನಿಮಾದ ಸಂಗೀತಕ್ಕೆ ಆಸ್ಕರ್ ಬಂತು.

ಇದರಲ್ಲಿ ಕೇಳಬೇಕಾದದ್ದು ಬ್ರಷ್. ತಂತಿಯ ಎಳೆಗಳ ಬೀಸಣಿಗೆಯಂಥ ಆ ಕಡ್ಡಿಯಿಂದ ಸ್ನೇರ್‌ನ ಚರ್ಮವನ್ನು ಸವರುತ್ತಾ ತಾಳ ಹಿಡಿಯುವುದು. ನಿಧಾನದ ಹಾಡುಗಳಲ್ಲಿ ಎಡಗೈ ಸುತ್ತು ಹಾಕುತ್ತಿರುತ್ತದೆ, ಬಲಗೈ ಆ ಸುತ್ತಿನ ಮೇಲೆ ಚುಕ್ಕಿ ಇಡುತ್ತದೆ. ಕಾಂಟೆಂಪೊರರಿ ಕಂಪನಿಯ ರಾಯ್ ಡ್ಯುನಾನ್ ರೆಕಾರ್ಡ್ ಮಾಡಿದ ರೀತಿಯಿಂದಾಗಿ ಇದೆಲ್ಲ ಇಂದಿಗೂ ಪಕ್ಕದಲ್ಲೇ ಕೂತಂತೆ ಕೇಳುತ್ತದೆ. ವೇಗದ ಹಾಡುಗಳಲ್ಲಿ ಪ್ರೆವಿನ್ ಸ್ವಲ್ಪ ಜಾಸ್ತಿಯೇ ಮಿಂಚುತ್ತಾರೆ, ಕೈಚಳಕ ಮುಂದೆ ಬಂದು ಹಾಡು ಹಿಂದೆ ಸರಿಯುತ್ತದೆ. ಅಂಥ ಕಡೆಯಲ್ಲೂ ಮ್ಯಾನ್ ತಾವು ಮುಂದೆ ಬರಲು ನೋಡುವುದಿಲ್ಲ. ಸಂಜೆ ನೆಂಟರು ಬಂದಾಗ ಹಾಕಲು ಐದರಲ್ಲಿ ಇದೇ ಸರಿ.

ಚಿಕೋ ಹ್ಯಾಮಿಲ್ಟನ್ ಕ್ವಿಂಟೆಟ್ ಅದಕ್ಕಿಂತ ವಿಚಿತ್ರ. ಡ್ರಮ್ಸ್, ಬಾಸ್, ಗಿಟಾರ್, ಕೊಳಲು ಅಥವಾ ಸ್ಯಾಕ್ಸೋಫೋನ್, ಜೊತೆಗೆ ಪಿಟೀಲಿನ ಜಾತಿಯ, ದೊಡ್ಡದಾದ ಚೆಲ್ಲೋ. ಚೆಲ್ಲೋ ನುಡಿಸುವ ಫ್ರೆಡ್ ಕಾಟ್ಜ್ ಮೊದಲು ಪಿಯಾನೋಗೆ ಬಂದವರು. ವಿರಾಮದಲ್ಲಿ ಒಬ್ಬರೇ ಚೆಲ್ಲೋ ನುಡಿಸುತ್ತಾ ಮೈಮರೆತರಂತೆ. ಉಳಿದವರು ವೇದಿಕೆಗೆ ವಾಪಸ್ ಬಂದಾಗ ಪಿಯಾನೋ ಹತ್ತಿರ ಹೋಗಲು ಜಾಗವೇ ಇರಲಿಲ್ಲ, ಚೆಲ್ಲೋದಲ್ಲೇ ಮುಂದುವರಿದರು ಅಂತ ಕಥೆ. ಗಿಟಾರ್ ಜಿಮ್ ಹಾಲ್, ಕೊಳಲು ಮತ್ತು ಸ್ಯಾಕ್ಸೋಫೋನ್ ಬಡ್ಡಿ ಕಾಲೆಟ್, ಬಾಸ್ ಕಾರ್ಸನ್ ಸ್ಮಿತ್. ಆಲ್ಬಂನ ಒಂದು ಭಾಗ ಸ್ಟುಡಿಯೋದಲ್ಲಿ, ಇನ್ನೊಂದು ಭಾಗ ಲಾಂಗ್ ಬೀಚ್‌ನ ಸ್ಟ್ರಾಲರ್ಸ್ ಕ್ಲಬ್‌ನಲ್ಲಿ ರೆಕಾರ್ಡ್ ಆದದ್ದು.

ಇದನ್ನು ತೆಗೆದುಕೊಳ್ಳುವುದಾದರೆ ‘ಬ್ಲೂ ಸ್ಯಾಂಡ್ಸ್’ ಎಂಬ ಒಂದೇ ಹಾಡಿಗಾಗಿ ತೆಗೆದುಕೊಳ್ಳಬಹುದು. ಕೊಳಲಿನ ಕೆಳಗೆ ಹ್ಯಾಮಿಲ್ಟನ್ ಮ್ಯಾಲೆಟ್‌ಗಳಿಂದ ಒಂದೇ ಸಮನೆ ಮಿಡಿಯುತ್ತಾರೆ, ದನಿ ಏರಿಸುವುದೇ ಇಲ್ಲ. ಮ್ಯಾಲೆಟ್ ಬ್ಲೇಕಿಯವರ ಕೈಯಲ್ಲಿ ಗುಡುಗಾದರೆ ಇವರ ಕೈಯಲ್ಲಿ ನಾಡಿಯಾಗುತ್ತದೆ. ಉಳಿದ ಹಾಡುಗಳಲ್ಲಿ ಕೆಲವು ತೀರಾ ಸಭ್ಯವಾಗಿವೆ.

ರಾಯ್ ಹೇನ್ಸ್

‘ಔಟ್ ಆಫ್ ದಿ ಆಫ್ಟರ್‌ನೂನ್’ 1962ರ ಮೇ ತಿಂಗಳಲ್ಲಿ, ವ್ಯಾನ್ ಗೆಲ್ಡರ್ ಅವರ ಹೊಸ ಸ್ಟುಡಿಯೋದಲ್ಲಿ ಆದದ್ದು. ಅಷ್ಟರಲ್ಲಿ ಅವರು ಮನೆಯ ಹಾಲ್ ಬಿಟ್ಟು ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಕಟ್ಟಡಕ್ಕೆ ಹೋಗಿದ್ದರು. ‘ಮೋನಿನ್’ ಆದ ಮೇಲೆ ಇದನ್ನು ಹಾಕಿದರೆ ಆ ಜಾಗದ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಹೇನ್ಸ್ ಜೊತೆ ರೋಲಂಡ್ ಕರ್ಕ್, ಪಿಯಾನೋದಲ್ಲಿ ಟಾಮಿ ಫ್ಲಾನಗನ್, ಬಾಸ್‌ನಲ್ಲಿ ಹೆನ್ರಿ ಗ್ರೈಮ್ಸ್. ಕರ್ಕ್ ಕಣ್ಣು ಕಾಣದವರು, ಒಂದೇ ಸಲ ಎರಡು ಮೂರು ಊದುವ ವಾದ್ಯಗಳನ್ನು ಬಾಯಿಗಿಟ್ಟು ನುಡಿಸುವವರು. ಅಂಥವರ ಹಿಂದೆ ಕೂತು ಹೇನ್ಸ್ ಸ್ವಲ್ಪವೂ ಗಲಿಬಿಲಿಯಾಗದೆ ಮಾತಿಗೆ ಮಾತು ಕೊಡುತ್ತಾರೆ. ಅವರ ಸ್ನೇರ್ ಸದ್ದಿಗೆ ‘ಸ್ನ್ಯಾಪ್ ಕ್ರ್ಯಾಕಲ್’ ಅಂತ ಅಡ್ಡಹೆಸರೇ ಇತ್ತು, ಆಲ್ಬಂನ ಒಂದು ಹಾಡಿಗೂ ಅದೇ ಹೆಸರು. ಹೈ-ಹ್ಯಾಟ್ ಎರಡಕ್ಕೂ ನಾಲ್ಕಕ್ಕೂ ಕಡ್ಡಾಯವಾಗಿ ಬೀಳುವುದಿಲ್ಲ, ಬೇಕೆನಿಸಿದ ಕಡೆ ಬೀಳುತ್ತದೆ. ಆದರೂ ತಾಳ ಎಲ್ಲೂ ಜಾರುವುದಿಲ್ಲ.

ನೀವೇ ಡ್ರಮ್ಸ್ ಅಥವಾ ತಬಲಾ, ಮೃದಂಗ ಕಲಿಯುತ್ತಿದ್ದರೆ ಇದನ್ನೇ ಮೊದಲು ತೆಗೆದುಕೊಳ್ಳಿ ಎನ್ನುತ್ತೇನೆ. ನಾಲ್ಕೇ ಜನ, ಎಲ್ಲ ಸ್ಪಷ್ಟ, ಒಂದೊಂದು ಪೆಟ್ಟಿನ ನಿರ್ಧಾರವೂ ಕೇಳುತ್ತದೆ. ಹೇನ್ಸ್ 2024ರ ನವೆಂಬರ್‌ನಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ‘ರಿಚ್ ವರ್ಸಸ್ ರೋಚ್’. 1959ರ ಈ ಆಲ್ಬಂನಲ್ಲಿ ಇನ್ನೊಬ್ಬ ಡ್ರಮ್ಮರ್ ಬಡ್ಡಿ ರಿಚ್ ಅವರ ಬ್ಯಾಂಡ್ ಒಂದು ಸ್ಪೀಕರ್‌ನಲ್ಲಿ, ಮ್ಯಾಕ್ಸ್ ರೋಚ್ ಬ್ಯಾಂಡ್ ಇನ್ನೊಂದರಲ್ಲಿ. ಬಹಳ ಪಟ್ಟಿಗಳಲ್ಲಿ ಇದರ ಹೆಸರು ಬರುತ್ತದೆ. ಡ್ರಮ್ಮರ್‌ಗಳಿಗೆ ಪಾಠ, ನಿಜ. ಆದರೆ ಅದು ಪಂದ್ಯ, ನಾನು ಹೇಳುತ್ತಿರುವ ನಾಯಕತ್ವ ಅಲ್ಲಿಲ್ಲ. ರಿಚ್ ಅವರ ಬಗ್ಗೆ ಕುತೂಹಲ ಇದ್ದರೆ 1968ರಲ್ಲಿ ನಮ್ಮ ತಬಲಾ ವಾದಕ ಅಲ್ಲಾ ರಖಾ ಜೊತೆ ಮಾಡಿದ ಆಲ್ಬಂ ಕೇಳಿ.

ಕೊಳ್ಳುವಾಗ, ಹುಡುಕುವಾಗ

ಹೆಸರು ನೋಡಿ ಮಾತ್ರ ನಂಬಬೇಡಿ, ನುಡಿಸಿದವರ ಪಟ್ಟಿ ನೋಡಿ. ‘ಮೋನಿನ್’ ಹಾಡನ್ನು ಬ್ಲೇಕಿ ಎಷ್ಟೋ ಕಡೆ ನುಡಿಸಿದ್ದಾರೆ, ಆ ಹೆಸರಿನ ಸಂಕಲನಗಳೂ ಬೇಕಾದಷ್ಟಿವೆ. ಬ್ಲೇಕಿ ಸೇರಿ ಮೇಲೆ ಹೇಳಿದ ಐದು ವಾದಕರ ಹೆಸರು ಇದ್ದರೆ, ಹಾಡುಗಳು ಆರಿದ್ದರೆ ಅದೇ. ಸಿಡಿಯಲ್ಲಿ ಸ್ಟುಡಿಯೋ ಮಾತುಕತೆ, ಇನ್ನೊಂದು ಟೇಕ್ ಅಂತ ಹೆಚ್ಚಿನದು ಸೇರಿಸಿರುತ್ತಾರೆ. ಮೊದಲ ಸಲ ಆ ಆರಕ್ಕೇ ನಿಲ್ಲಿಸಿ. ಮ್ಯಾನ್ 1964ರಲ್ಲಿ ಇದೇ ನಾಟಕದ ಹಾಡುಗಳನ್ನು ಗಾಯಕರನ್ನಿಟ್ಟುಕೊಂಡು ಇನ್ನೊಮ್ಮೆ ಮಾಡಿದ್ದಾರೆ. ನಿಮಗೆ ಬೇಕಾದದ್ದು ಪ್ರೆವಿನ್ ಮತ್ತು ವಿನ್ನೆಗರ್ ಇರುವುದು. ಹ್ಯಾಮಿಲ್ಟನ್ ಕ್ವಿಂಟೆಟ್ ಹೆಸರಿನಲ್ಲೂ ಹಲವು ಆಲ್ಬಂಗಳಿವೆ, ‘ಬ್ಲೂ ಸ್ಯಾಂಡ್ಸ್’ ಮತ್ತು ಬಡ್ಡಿ ಕಾಲೆಟ್ ಇದೆಯೇ ನೋಡಿ.

ಎಲ್‌ಪಿಯೇ ಬೇಕೆಂದೇನಿಲ್ಲ. ಆದರೆ ಮೊಬೈಲ್‌ನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಬಾಸ್ ಮಾಯವಾಗುತ್ತದೆ, ಬ್ರಷ್ ಬರೀ ಗೊರಗೊರ ಆಗುತ್ತದೆ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

ಶೆಲ್ಲಿ ಮ್ಯಾನ್ ಇಷ್ಟವಾದರೆ ಮುಂದಿನ ಹೆಜ್ಜೆ ಬೆಂಗಳೂರಿಗೇ ಬರುತ್ತದೆ. 1956ರ ಸುಮಾರಿಗೆ ಮ್ಯಾನ್ ಬ್ಯಾಂಡಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು ಚಾರ್ಲಿ ಮರಿಯಾನೋ. ಅವರೇ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಸೇರಿ 1983ರಲ್ಲಿ ಇಸಿಎಂ ಕಂಪನಿಗೆ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ದನಿ. ಮೊದಲು ಮ್ಯಾನ್ ಅವರ 1956ರ ‘ಸ್ವಿಂಗಿಂಗ್ ಸೌಂಡ್ಸ್’ನಲ್ಲಿ ಮರಿಯಾನೋ ಸೋಲೋ ಒಂದನ್ನು ಕೇಳಿ, ಆಮೇಲೆ ‘ಜ್ಯೋತಿ’ ಹಾಕಿ. ಹಿಂದೆ ಕೂತ ತಾಳವಾದ್ಯ ಬದಲಾದಾಗ ಅದೇ ಮನುಷ್ಯ ಸಾಲುಗಳನ್ನು ಎಲ್ಲಿ ಎತ್ತಿಕೊಳ್ಳುತ್ತಾರೆ, ಎಲ್ಲಿ ಮುಗಿಸುತ್ತಾರೆ ಅನ್ನುವುದನ್ನು ಗಮನಿಸಿ.